ಹಣ ನಿಂತ ಮೇಲೆ ಉಳಿಯುವುದೇನು? ಜಾಗತಿಕ ಆರೋಗ್ಯ ಸಂಶೋಧನೆಯ ಪಾಲುದಾರಿಕೆ ಹಿಡಿದಿರುವ ದಾರಿ

2026ರ ಜನವರಿ 22ರಂದು ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಅಧಿಕೃತವಾಗಿ ಹೊರಬಂತು. ಅದಕ್ಕೆ ಏಳು ವಾರ ಮೊದಲಷ್ಟೇ ಅದೇ ಅಮೆರಿಕ, ಕೆನ್ಯಾಕ್ಕೆ ಐದು ವರ್ಷಗಳಲ್ಲಿ 160 ಕೋಟಿ ಡಾಲರ್‌ವರೆಗೆ ಆರೋಗ್ಯ ನೆರವು ಕೊಡುವ ಒಪ್ಪಂದಕ್ಕೆ ಸಹಿ ಹಾಕಿತ್ತು. ವಿದೇಶಿ ಸಂಶೋಧನೆಗೆ ಹಣ ನಿಂತಿತು ಎಂದು ಒಂದು ದಿನ ಸುದ್ದಿ ಬಂದರೆ, ಹೊಸ ನಿಯಮದಡಿ ಮತ್ತೆ ಸಿಗಲಿದೆ ಎಂದು ಇನ್ನೊಂದು ದಿನ ಬರುತ್ತದೆ. ನಿಜಕ್ಕೂ ನಿಂತದ್ದು ಯಾವುದು, ಮುಂದುವರಿದದ್ದು ಯಾವುದು, ಇದರಿಂದ ನಮ್ಮ ಆಸ್ಪತ್ರೆಗಳ ರೋಗಿಗೆ ಆಗುವುದೇನು ಎಂಬುದು ಸ್ಪಷ್ಟವಾಗುತ್ತಿಲ್ಲ. ಗೊಂದಲಕ್ಕೆ ಮುಖ್ಯ ಕಾರಣವೆಂದರೆ, ಮೂರು ಬೇರೆ ಬೇರೆ ಬಾಬ್ತಿನ ಹಣವನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ.

ಮೂರು ಬಾಬ್ತುಗಳು

ಮೊದಲನೆಯದು ಅಭಿವೃದ್ಧಿ ನೆರವು. ಇದನ್ನು ಕೊಡುತ್ತಿದ್ದದ್ದು ಅಮೆರಿಕ ಸರ್ಕಾರದ ವಿದೇಶಿ ನೆರವು ಸಂಸ್ಥೆಯಾದ ಯುಎಸ್‌ಏಡ್. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ ವಿದೇಶಿ ನೆರವನ್ನು 90 ದಿನಗಳ ಮಟ್ಟಿಗೆ ತಡೆಹಿಡಿಯಿತು. ಆ ಅವಧಿ ಮುಗಿಯುವ ಮೊದಲೇ, ಮಾರ್ಚ್ 10ರಂದು, ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳನ್ನು ರದ್ದುಪಡಿಸಿರುವುದಾಗಿ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರೂಬಿಯೊ ಪ್ರಕಟಿಸಿದರು. ಜುಲೈ 1ರ ಹೊತ್ತಿಗೆ ಅಳಿದುಳಿದ ಕೆಲಸ ವಿದೇಶಾಂಗ ಇಲಾಖೆಯ ಪಾಲಾಯಿತು. ಯುಎಸ್‌ಏಡ್ ಎಂದರೆ ಬರಗಾಲದಲ್ಲಿ ಧಾನ್ಯದ ಮೂಟೆ ಕಳಿಸುವ ಸಂಸ್ಥೆ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಲಸಿಕೆ ಪ್ರಯೋಗಗಳಿಗೆ, ರೋಗದ ಲೆಕ್ಕ ಇಡುವ ಸಮೀಕ್ಷೆಗಳಿಗೆ ಹಣ ಕೊಡುತ್ತಿದ್ದದ್ದೂ ಅದೇ. 1984ರಿಂದ ಸುಮಾರು 90 ದೇಶಗಳಲ್ಲಿ ಮನೆಮನೆ ಸಮೀಕ್ಷೆಗೆ ನೆರವಾಗಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮ ಈ ಆದೇಶದಿಂದಲೇ ನಿಂತಿತು. ಶಿಶುಮರಣದ ಪ್ರಮಾಣ ಏರಿತೇ ಇಳಿಯಿತೇ ಎಂದು ಹೇಳಲು ಅನೇಕ ಬಡ ದೇಶಗಳಿಗೆ ಇದ್ದ ಮುಖ್ಯ ಆಧಾರ ಅದಾಗಿತ್ತು.

ಎರಡನೆಯದು ಸಂಶೋಧನಾ ಅನುದಾನ. ಇದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಕೊಡುವ ಹಣ. ಇದರ ವಾರ್ಷಿಕ ಬಜೆಟ್ ಸುಮಾರು 4,800 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಭಾರತ ಸರ್ಕಾರದ ಆರೋಗ್ಯ ಸಂಶೋಧನಾ ಇಲಾಖೆಗೆ 2025–26ರ ಬಜೆಟ್‌ನಲ್ಲಿ ಸಿಕ್ಕಿದ್ದು ಸುಮಾರು 3,900 ಕೋಟಿ ರೂಪಾಯಿ. ಈ ನೂರು ಪಟ್ಟು ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ವಾಷಿಂಗ್ಟನ್ನಿನಲ್ಲಿ ಹೊರಡುವ ಒಂದು ಸುತ್ತೋಲೆ ಪುಣೆಯ ವಾರ್ಡಿಗೂ ಡರ್ಬನ್ನಿನ ಕ್ಲಿನಿಕ್ಕಿಗೂ ಏಕೆ ತಟ್ಟುತ್ತದೆ ಎಂಬುದು ಅರ್ಥವಾಗುತ್ತದೆ.

ಮೂರನೆಯದು ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವ ಸದಸ್ಯತ್ವದ ವಂತಿಗೆ ಮತ್ತು ಸ್ವಇಚ್ಛೆಯ ದೇಣಿಗೆ. ಅಮೆರಿಕ ಹೊರನಡೆದದ್ದು ಈ ಬಾಬ್ತಿನಿಂದ. ಆ ಸಂಸ್ಥೆ ದೊಡ್ಡ ಮಟ್ಟದಲ್ಲಿ ಸಂಶೋಧನೆಗೆ ಹಣ ಹಂಚುವುದಿಲ್ಲ. ದೇಶಗಳ ಪ್ರಯೋಗಾಲಯಗಳನ್ನು ಒಂದಕ್ಕೊಂದು ಹೆಣೆಯುವುದು, ಚಿಕಿತ್ಸೆಯ ಮಾರ್ಗಸೂಚಿ ಬರೆಯುವುದು, ಮುಂದಿನ ಋತುವಿನ ಫ್ಲೂ ಲಸಿಕೆಯಲ್ಲಿ ಯಾವ ತಳಿಯ ವೈರಸ್ ಇರಬೇಕೆಂದು ಸಲಹೆ ಕೊಡುವುದು ಅದರ ಕೆಲಸ. ಹಣದ ಕೊರತೆಯನ್ನು ಭಾಗಶಃ ತುಂಬಲು ಉಳಿದ ಸದಸ್ಯ ದೇಶಗಳು 2025ರ ಮೇ ತಿಂಗಳಲ್ಲಿ ತಮ್ಮ ವಂತಿಗೆಯನ್ನು ಶೇ 20ರಷ್ಟು ಏರಿಸಿಕೊಳ್ಳಲು ಒಪ್ಪಿದವು.

ಉಪ ಅನುದಾನ ಎಂಬ ಕೊಂಡಿ

ಈ ಮೂರರಲ್ಲಿ ಹೆಚ್ಚು ತೊಡಕಿನದು ಎರಡನೆಯದು. 2025ರ ಮೇ 1ರಂದು ಎನ್‌ಐಎಚ್, ವಿದೇಶಿ ಉಪ ಅನುದಾನ ಒಳಗೊಂಡ ಯಾವ ಯೋಜನೆಗೂ ಹೊಸ ವ್ಯವಸ್ಥೆ ಸಿದ್ಧವಾಗುವ ತನಕ ಹೊಸದಾಗಿ ಹಣ ಕೊಡುವುದಿಲ್ಲ, ನವೀಕರಣವನ್ನೂ ಮಾಡುವುದಿಲ್ಲ ಎಂದು ಪ್ರಕಟಿಸಿತು.

ಉಪ ಅನುದಾನ ಎಂದರೇನೆಂದು ತಿಳಿಯಲು ಕ್ಷಯರೋಗದ ಒಂದು ಅಧ್ಯಯನವನ್ನು ನೋಡೋಣ. ಎನ್‌ಐಎಚ್ ಹಣ ಕೊಡುವುದು ಅಮೆರಿಕದ ವಿಶ್ವವಿದ್ಯಾಲಯಕ್ಕೆ. ರೋಗಿಗಳಿರುವುದು ಭಾರತದಲ್ಲಿ. ಆದ್ದರಿಂದ ಆ ವಿಶ್ವವಿದ್ಯಾಲಯ ತನಗೆ ಬಂದ ಹಣದ ಒಂದು ಪಾಲನ್ನು ಇಲ್ಲಿನ ವೈದ್ಯಕೀಯ ಕಾಲೇಜಿಗೆ ದಾಟಿಸುತ್ತದೆ. ರೋಗಿಯ ಕಫ ತುಂಬಿದ ಮುಚ್ಚಳದ ಡಬ್ಬಿಯನ್ನು ಲ್ಯಾಬಿಗೆ ತಲುಪಿಸುವ ಸಿಬ್ಬಂದಿಯ ಸಂಬಳ, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಕರೆಂಟು ಹೋದಾಗ ಬೇಕಾಗುವ ಜನರೇಟರಿನ ಡೀಸೆಲ್, ಆರು ತಿಂಗಳ ಮಾತ್ರೆ ಮುಗಿದ ಮೇಲೂ ರೋಗಿಯ ಮನೆ ಹುಡುಕಿಕೊಂಡು ಹೋಗುವ ಕ್ಷೇತ್ರ ಕಾರ್ಯಕರ್ತೆಯ ಬಸ್ ಚಾರ್ಜು, ಎಲ್ಲವೂ ಆ ಪಾಲಿನಿಂದಲೇ ಬರಬೇಕು. ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜು ಮತ್ತು ಜಾನ್ಸ್ ಹಾಪ್‌ಕಿನ್ಸ್, ಪುದುಚೇರಿಯ ಜಿಪ್ಮರ್ ಮತ್ತು ಬಾಸ್ಟನ್ನಿನ ಸಂಸ್ಥೆಗಳು ಹೀಗೆ ಜೋಡಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿವೆ. ಇವು ಸೇರಿರುವ ರಿಪೋರ್ಟ್ ಇಂಡಿಯಾ ಎಂಬ ಜಾಲಕ್ಕೆ 2013ರಿಂದ ಎನ್‌ಐಎಚ್ ಜೊತೆಗೆ ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆಯೂ ಹಣ ಹಾಕಿದೆ ಎಂಬುದನ್ನು ಇಲ್ಲಿ ಗುರುತಿಸಬೇಕು. ಮುಂದೆ ಈ ವಿಷಯ ಮುಖ್ಯವಾಗುತ್ತದೆ.

ತಡೆಯ ಪರವಾಗಿರುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಮೂಲ ಅನುದಾನ ಯಾರಿಗೆ ಹೋಯಿತೆಂದು ಎನ್‌ಐಎಚ್‌ಗೆ ಗೊತ್ತಿರುತ್ತದೆ, ಆದರೆ ಅಲ್ಲಿಂದ ಮುಂದೆ ವಿದೇಶಿ ಸಂಸ್ಥೆಗೆ ದಾಟಿದ ಹಣದ ಮೇಲೆ ನಿಗಾ ಸಾಲದು ಎಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರೇ ಹೇಳಿದ್ದರು. ಚೀನಾದ ವುಹಾನ್ ವೈರಾಣು ಸಂಸ್ಥೆಗೆ ಅಮೆರಿಕದ ಹಣ ಹೋದದ್ದು ಇಕೋಹೆಲ್ತ್ ಅಲಯನ್ಸ್ ಎಂಬ ಸಂಸ್ಥೆಯ ಉಪ ಅನುದಾನದ ಮೂಲಕ. ಆ ಸಂಸ್ಥೆಗೆ ಹಣ ತಡೆದದ್ದು 2024ರ ಮೇ ತಿಂಗಳಲ್ಲಿ, ಅಂದರೆ ಬೈಡನ್ ಆಡಳಿತದ ಕಾಲದಲ್ಲೇ. ತೆರಿಗೆದಾರರ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳುವುದು ಯಾವ ದೇಶದಲ್ಲಾದರೂ ನ್ಯಾಯವೇ.

ವಿರೋಧಿಸುವವರ ಆಕ್ಷೇಪವಿರುವುದು ಕ್ರಮದ ಬಗ್ಗೆ. ಹೊಸ ಸೇತುವೆ ಕಟ್ಟುವ ಮೊದಲೇ ಹಳೆಯದನ್ನು ಕೆಡವಿದರು ಎಂಬುದು ಅವರ ದೂರು. ಹೊಸ ವ್ಯವಸ್ಥೆಯಲ್ಲಿ ವಿದೇಶಿ ಸಂಸ್ಥೆ ಅಮೆರಿಕದ ವಿಶ್ವವಿದ್ಯಾಲಯದ ಕೈಯಿಂದ ಪಡೆಯುವ ಬದಲು, ಮೂಲ ಯೋಜನೆಗೆ ಜೋಡಿಸಿದ ಪ್ರತ್ಯೇಕ ಅನುದಾನವನ್ನು ನೇರವಾಗಿ ಎನ್‌ಐಎಚ್‌ನಿಂದಲೇ ಪಡೆಯಬೇಕು. ಮೇಲ್ನೋಟಕ್ಕೆ ಇದು ವಿದೇಶಿ ಸಂಸ್ಥೆಯ ಘನತೆಯನ್ನು ಹೆಚ್ಚಿಸುವ ಬದಲಾವಣೆ. ಆದರೆ ಅಮೆರಿಕದ ನೋಂದಣಿ, ಲೆಕ್ಕಪತ್ರ, ವರದಿಗಳ ಹೊರೆಯನ್ನು ಇಷ್ಟು ದಿನ ಹೊತ್ತಿದ್ದದ್ದು ಅಲ್ಲಿನ ವಿಶ್ವವಿದ್ಯಾಲಯದ ಕಚೇರಿ. ಆ ಹೊರೆ ಈಗ ಇಲ್ಲಿನ ಕಾಲೇಜಿನ ಮೇಲೆ ಬೀಳುತ್ತದೆ. ಹತ್ತಾರು ಜನರ ಅನುದಾನ ವಿಭಾಗ ಇರುವ ದೊಡ್ಡ ಸಂಸ್ಥೆ ಅದನ್ನು ನಿಭಾಯಿಸುತ್ತದೆ. ಒಬ್ಬ ಲೆಕ್ಕಿಗನನ್ನು ನಂಬಿಕೊಂಡ ಜಿಲ್ಲಾ ಮಟ್ಟದ ಆಸ್ಪತ್ರೆಯಾಗಲಿ, ಸಣ್ಣ ಟ್ರಸ್ಟ್ ಆಗಲಿ ನಿಭಾಯಿಸಲಾರದು. ರೋಗಿಗಳಿಗೆ ಅತಿ ಹತ್ತಿರ ಇರುವವರೇ ಹೀಗೆ ಸಂಶೋಧನೆಯಿಂದ ಹೊರಬೀಳುತ್ತಾರೆ.

ಈ ಕೊಂಡಿಯನ್ನು ಮೊದಲು ಕತ್ತರಿಸಿದ್ದು ಅಮೆರಿಕವಲ್ಲ ಎಂಬುದನ್ನು ನಾವು ಮರೆಯಬಾರದು. 2020ರ ಸೆಪ್ಟೆಂಬರಿನಲ್ಲಿ ಭಾರತದ ಸಂಸತ್ತು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿ, ಒಂದು ಸಂಸ್ಥೆಗೆ ಬಂದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಪೂರ್ತಿ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಆಗ ಸರ್ಕಾರ ಕೊಟ್ಟ ಕಾರಣವೂ ಪಾರದರ್ಶಕತೆ ಮತ್ತು ದೇಶದ ಹಿತವೇ. ದೊಡ್ಡ ನಗರದ ಸಂಸ್ಥೆ ವಿದೇಶಿ ಹಣ ತಂದು, ತಾಲ್ಲೂಕಿನ ಸಣ್ಣ ಸಂಸ್ಥೆಯ ಮೂಲಕ ಹಳ್ಳಿಯಲ್ಲಿ ಕೆಲಸ ಮಾಡಿಸುವ ಏರ್ಪಾಡು ಆಗಲೇ ಮುರಿದುಬಿತ್ತು. ಐದು ವರ್ಷಗಳ ಅಂತರದಲ್ಲಿ ಎರಡೂ ದಡದಿಂದ ಒಂದೇ ಕೊಂಡಿ ಕಳಚಿದಂತಾಯಿತು. ಅಮೆರಿಕದ ಕ್ರಮವನ್ನು ಖಂಡಿಸುವ ನಮ್ಮವರು ಈ ಅರ್ಧವನ್ನೂ ಹೇಳಬೇಕಾಗುತ್ತದೆ.

ನಡುವೆ ನಿಂತ ಪ್ರಯೋಗ

ಹಣ ನಿಂತರೆ ಸಂಶೋಧನೆ ತಡವಾಗುತ್ತದೆ, ಅಷ್ಟೇ ತಾನೇ ಎಂದು ಯಾರಾದರೂ ಕೇಳಬಹುದು. ರಸ್ತೆ ಕಾಮಗಾರಿಯನ್ನು ಅರ್ಧಕ್ಕೆ ನಿಲ್ಲಿಸಿ ಮುಂದಿನ ವರ್ಷ ಅಲ್ಲಿಂದಲೇ ಶುರುಮಾಡಬಹುದು. ಮನುಷ್ಯರ ಮೇಲಿನ ಪ್ರಯೋಗದಲ್ಲಿ ಅದು ಸಾಧ್ಯವಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಸೋಂಕನ್ನೂ ಗರ್ಭಧಾರಣೆಯನ್ನೂ ಒಟ್ಟಿಗೆ ತಡೆಯುವ ಉದ್ದೇಶದ ಯೋನಿ ಉಂಗುರವೊಂದರ ಪ್ರಯೋಗ ನಡೆದಿತ್ತು. ಕೆಲಸ ನಿಲ್ಲಿಸಿ ಎಂಬ ಆದೇಶ 2025ರ ಜನವರಿಯಲ್ಲಿ ಬಂದಾಗ ಕೆಲವು ಯುವತಿಯರ ದೇಹದೊಳಗೆ ಆ ಉಂಗುರ ಇನ್ನೂ ಇತ್ತು. ಆದೇಶವನ್ನು ಅಕ್ಷರಶಃ ಪಾಲಿಸಿದರೆ ಅವರನ್ನು ಕರೆಸಿ ಪರೀಕ್ಷಿಸುವ ಖರ್ಚಿಗೂ ಅವಕಾಶವಿರಲಿಲ್ಲ. ಸಂಶೋಧಕರು ಅವರನ್ನು ವಾಪಸು ಕರೆಸಿ ಉಂಗುರ ತೆಗೆದರು. ವೈದ್ಯಕೀಯ ಸಂಶೋಧನೆಯ ನೈತಿಕ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಒಪ್ಪಿ ದೇಹ ಒಡ್ಡಿದವರ ಸುರಕ್ಷತೆಯ ಹೊಣೆ ಸಂಶೋಧಕರದು. ಹಣ ಕೊಡುವವರು ಕೈಬಿಟ್ಟ ಮಾತ್ರಕ್ಕೆ ಆ ಹೊಣೆ ಇಳಿಯುವುದಿಲ್ಲ.

ಅದೇ ಹೊತ್ತಿನಲ್ಲಿ, ದಕ್ಷಿಣ ಆಫ್ರಿಕಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ಎಂಟು ಆಫ್ರಿಕನ್ ದೇಶಗಳ ವಿಜ್ಞಾನಿಗಳು ರೂಪಿಸಿದ್ದ ಬ್ರಿಲಿಯಂಟ್ ಎಂಬ ಎಚ್‌ಐವಿ ಲಸಿಕೆ ಯೋಜನೆಯ ಮೊದಲ ಪ್ರಯೋಗ ಶುರುವಾಗುವ ಹೊಸ್ತಿಲಲ್ಲೇ ನಿಂತಿತು. ಆಫ್ರಿಕಾದ ರೋಗಕ್ಕೆ ಆಫ್ರಿಕಾದವರೇ ಮುಂದಾಳುಗಳಾಗಿ ನಡೆಸಬೇಕೆಂಬ ಆಸೆಯಿಂದ ಹುಟ್ಟಿದ ಯೋಜನೆ ಅದು. ಮುಂದಾಳತ್ವ ಅವರದಾಗಿತ್ತು, ಹಣ ಮಾತ್ರ ಯುಎಸ್‌ಏಡ್‌ನದು.

ಅರ್ಧಕ್ಕೆ ನಿಂತ ಪ್ರಯೋಗದಿಂದ ಆಗುವ ನಷ್ಟ ಮೂರು ಬಗೆಯದು. ಎರಡನೇ ಡೋಸ್ ತಪ್ಪಿದವರ, ನಡುವೆ ಸಂಪರ್ಕ ಕಳೆದುಕೊಂಡವರ ಮಾಹಿತಿಯಿಂದ ಲಸಿಕೆ ಕೆಲಸ ಮಾಡಿತೇ ಇಲ್ಲವೇ ಎಂದು ಹೇಳಲು ಬರುವುದಿಲ್ಲ, ಆದ್ದರಿಂದ ಅದುವರೆಗೆ ಮಾಡಿದ ಖರ್ಚೂ ವ್ಯರ್ಥವಾಗುತ್ತದೆ. ತರಬೇತಾದ ನರ್ಸುಗಳು, ಲ್ಯಾಬ್ ತಂತ್ರಜ್ಞರು ಬೇರೆ ಕೆಲಸ ಹಿಡಿಯುತ್ತಾರೆ, ಅಂಥ ತಂಡ ಮತ್ತೆ ಕಟ್ಟಲು ವರ್ಷಗಳು ಬೇಕು. ಎಲ್ಲಕ್ಕಿಂತ ದೊಡ್ಡದು ನಂಬಿಕೆಯ ನಷ್ಟ. ಒಮ್ಮೆ ನಡುದಾರಿಯಲ್ಲಿ ಬಿಟ್ಟುಹೋದವರು ಮುಂದಿನ ಸಲ ಬಾಗಿಲು ತಟ್ಟಿದರೆ ಆ ಊರಿನ ಹೆಣ್ಣುಮಕ್ಕಳು ಬಾಗಿಲು ತೆರೆಯಬೇಕಾದ ಕಾರಣವಿಲ್ಲ.

ಪ್ರಶ್ನೆ ಯಾರದು, ಸ್ಯಾಂಪಲ್ ಯಾರದು

ಹಣ ಎಷ್ಟು ಬರುತ್ತದೆ ಎಂಬುದರಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಹಣ ಕೊಡುವವರೇ. 2025ರ ಡಿಸೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಪಶ್ಚಿಮ ಆಫ್ರಿಕಾದ ಗಿನಿ ಬಿಸ್ಸಾವ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಅಧ್ಯಯನಕ್ಕೆ 16 ಲಕ್ಷ ಡಾಲರ್ ಮಂಜೂರು ಮಾಡಿತು. ಸುಮಾರು 14,000 ನವಜಾತ ಶಿಶುಗಳ ಪೈಕಿ ಅರ್ಧದಷ್ಟಕ್ಕೆ ಹುಟ್ಟಿದೊಡನೆ ಲಸಿಕೆ, ಉಳಿದವಕ್ಕೆ ಆ ದೇಶದ ಈಗಿನ ಪದ್ಧತಿಯಂತೆ ಆರು ವಾರಗಳಿಗೆ ಎಂಬುದು ಯೋಜನೆ. ಹೇಗೂ ಅಲ್ಲಿ ಹುಟ್ಟಿದ ದಿನದ ಲಸಿಕೆ ಜಾರಿಯಲ್ಲಿಲ್ಲ, ಆದ್ದರಿಂದ ಯಾರಿಗೂ ಇದ್ದದ್ದು ತಪ್ಪುವುದಿಲ್ಲ ಎಂದು ಅಧ್ಯಯನದ ಪರವಾಗಿದ್ದವರು ವಾದಿಸಿದರು. ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ಈ ಲಸಿಕೆ ತಡೆಯುತ್ತದೆಂದು ಗೊತ್ತಿರುವಾಗ, ಕೈಯಲ್ಲಿ ಲಸಿಕೆ ಇಟ್ಟುಕೊಂಡು ಅರ್ಧ ಶಿಶುಗಳಿಗೆ ಕೊಡದಿರುವುದು ಸಲ್ಲದು ಎಂದು ವಿರೋಧಿಗಳು ಹೇಳಿದರು. 2026ರ ಜನವರಿಯಲ್ಲಿ ಗಿನಿ ಬಿಸ್ಸಾವ್ ಸರ್ಕಾರ ಅಧ್ಯಯನವನ್ನು ತಡೆಹಿಡಿಯಿತು. ವಿರೋಧಿಗಳ ಮಾತೇ ಸರಿ ಎಂಬುದು ಈ ಲೇಖನದ ನಿಲುವು. ಶ್ರೀಮಂತ ದೇಶವೊಂದರಲ್ಲಿ ಇಂಥ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಸಿಗುವುದನ್ನು ಊಹಿಸಲೂ ಆಗದು.

ಕೆನ್ಯಾದ ಒಪ್ಪಂದಕ್ಕೂ ಇದೇ ಪ್ರಶ್ನೆ ಎದುರಾಯಿತು. ಸಹಿ ಬಿದ್ದ ಕೆಲವೇ ದಿನಗಳಲ್ಲಿ, ಪ್ರಜೆಗಳ ಆರೋಗ್ಯ ಮಾಹಿತಿಯನ್ನು ಅಮೆರಿಕದೊಂದಿಗೆ ಹಂಚಿಕೊಳ್ಳುವ ಭಾಗದ ಜಾರಿಯನ್ನು ಅಲ್ಲಿನ ಹೈಕೋರ್ಟ್ ತಡೆಯಿತು. ಈ ಅಂಜಿಕೆಗೆ ಹಿಂದಿನ ಅನುಭವದ ಆಧಾರವಿದೆ. ಹಕ್ಕಿಜ್ವರದ ವೈರಸ್ ಸ್ಯಾಂಪಲ್‌ಗಳನ್ನು ಕೊಡುವವರು ನಾವು, ಅದರಿಂದ ತಯಾರಾದ ಲಸಿಕೆ ನಮಗೇ ಕೈಗೆಟುಕುವುದಿಲ್ಲ ಎಂದು 2007ರಲ್ಲಿ ಇಂಡೊನೇಷ್ಯಾ ಸ್ಯಾಂಪಲ್ ಕಳಿಸುವುದನ್ನೇ ನಿಲ್ಲಿಸಿತ್ತು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಮಹಾಸೋಂಕು ಒಪ್ಪಂದವನ್ನು ಅಂಗೀಕರಿಸಿದಾಗಲೂ, ರೋಗಾಣುಗಳ ಸ್ಯಾಂಪಲ್ ಮತ್ತು ಅವುಗಳಿಂದ ಬರುವ ಲಾಭದ ಹಂಚಿಕೆಯ ಭಾಗವನ್ನು ಮಾತ್ರ ಮುಂದಿನ ಮಾತುಕತೆಗೆ ಬಿಡಬೇಕಾಯಿತು.

ಭಾರತಕ್ಕೆ ಈ ಸಂಶಯ ಹೊಸದಲ್ಲ. ಸೊಳ್ಳೆಗಳ ಸಂತಾನವನ್ನು ಆನುವಂಶಿಕ ವಿಧಾನದಿಂದ ತಗ್ಗಿಸುವ ಘಟಕವೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ದೆಹಲಿಯಲ್ಲಿ ನಡೆಸುತ್ತಿದ್ದವು. ಹಣ ಅಮೆರಿಕದ್ದು. ಹಳದಿ ಜ್ವರವೇ ಇಲ್ಲದ ದೇಶದಲ್ಲಿ ಆ ಜ್ವರ ಹರಡುವ ಸೊಳ್ಳೆಯ ಅಧ್ಯಯನದಿಂದ ಯಾರಿಗೆ ಪ್ರಯೋಜನ ಎಂದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕೇಳಿತು. 1975ರಲ್ಲಿ ಘಟಕ ಮುಚ್ಚಿತು. ವಿದೇಶಿ ಹಣದ ಆರೋಗ್ಯ ಸಂಶೋಧನೆಗಳು ಇಂದಿಗೂ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕಾದುದು ಇಂಥ ಎಚ್ಚರದಿಂದಲೇ. ಆ ಎಚ್ಚರ ತಪ್ಪಲ್ಲ. ಒಪ್ಪಿಗೆಗೆ ತಿಂಗಳುಗಟ್ಟಲೆ ಕಾಯಿಸುವುದು ಮಾತ್ರ ಎಚ್ಚರ ಎನಿಸಿಕೊಳ್ಳುವುದಿಲ್ಲ.

ಮದ್ರಾಸು ಮತ್ತು ತುಮಕೂರಿನಲ್ಲಿ ಉಳಿದದ್ದು

ಹಾಗಾದರೆ ವಿದೇಶಿ ಪಾಲುದಾರಿಕೆಯೇ ಬೇಡವೇ? ಕ್ಷಯರೋಗದ ಚಿಕಿತ್ಸೆಯ ಚರಿತ್ರೆ ಬೇರೆಯೇ ಉತ್ತರ ಕೊಡುತ್ತದೆ.

1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕೂ ಸೇರಿದ ಕೆಲಸ ಅದು. ಸ್ಯಾನಟೋರಿಯಂನ ಮಂಚ, ಪೌಷ್ಟಿಕ ಊಟ, ಪೂರ್ಣ ವಿಶ್ರಾಂತಿ ಇಲ್ಲದೆ ಕ್ಷಯ ವಾಸಿಯಾಗದು ಎಂಬುದು ಆಗಿನ ನಂಬಿಕೆ. ಅಷ್ಟು ಹಾಸಿಗೆಗಳು ಭಾರತದಲ್ಲಿ ಇರಲಿಲ್ಲ. 193 ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಉಳಿದವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಔಷಧಿ ಕೊಟ್ಟು ನೋಡಿದಾಗ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮನೆಯವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಸ್ಯಾನಟೋರಿಯಂನಿಂದ ಮನೆಗೆ ತಂದಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಇದಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವು ಇತ್ತು. ಇಲ್ಲಿನ ತಂಡ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಾಮಾಜಿಕ ಅಧ್ಯಯನದಲ್ಲಿ, ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಯಾವುದಾದರೊಂದು ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದವರು ಎಂಬುದು ಬೆಳಕಿಗೆ ಬಂತು. ರೋಗಿಗಳು ಅಜ್ಞಾನದಿಂದ ಮನೆಯಲ್ಲಿ ಕೂತಿರಲಿಲ್ಲ. ಕೆಮ್ಮುತ್ತಾ ಬಂದವರಿಗೆ ಸಿಗುತ್ತಿದ್ದದ್ದು ಕೆಮ್ಮಿನ ಔಷಧಿಯ ಸೀಸೆ, ಕಫ ಪರೀಕ್ಷೆಯಲ್ಲ. ಎಕ್ಸ್‌ರೇ ವ್ಯಾನುಗಳಲ್ಲಿ ಊರೂರು ಸುತ್ತುವ ದುಬಾರಿ ದಾರಿಯ ಬದಲು, ಸಾಮಾನ್ಯ ಆಸ್ಪತ್ರೆಗಳಲ್ಲೇ ಸೂಕ್ಷ್ಮದರ್ಶಕದಿಂದ ಕಫ ಪರೀಕ್ಷಿಸುವ ಜಿಲ್ಲಾ ಕ್ಷಯ ಕಾರ್ಯಕ್ರಮಕ್ಕೆ ಈ ತಿಳಿವಳಿಕೆ ಬಲ ಕೊಟ್ಟಿತು.

ಈ ಎರಡು ಉದಾಹರಣೆಗಳಿಗೂ ಉಂಗುರದ ಪ್ರಯೋಗಕ್ಕೂ ಇರುವ ವ್ಯತ್ಯಾಸ ಸ್ಪಷ್ಟವಿದೆ. ಮದ್ರಾಸಿನಲ್ಲಿ ಪ್ರಶ್ನೆ ನಮ್ಮದಾಗಿತ್ತು, ಕಟ್ಟಡ ಮತ್ತು ಸಿಬ್ಬಂದಿಯ ಒಂದು ಪಾಲಿನ ಖರ್ಚು ನಮ್ಮದಾಗಿತ್ತು. ಆದ್ದರಿಂದ ಹೊರಗಿನವರು ಹಿಂದೆ ಸರಿದ ಮೇಲೂ ಕೇಂದ್ರ ನಿಂತಿತು. ಇಂದು ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಎಂದು ಕರೆಯುವುದು ಅದನ್ನೇ. ರಿಪೋರ್ಟ್ ಇಂಡಿಯಾಕ್ಕೆ ನಮ್ಮ ಇಲಾಖೆಯೂ ಹಣ ಹಾಕಿರುವುದು ಮುಖ್ಯ ಎಂದದ್ದು ಇದೇ ಕಾರಣಕ್ಕೆ. ಪಾಲು ಹಾಕಿದವರಿಗೆ ಮಾತಿನಲ್ಲೂ ಪಾಲು ಇರುತ್ತದೆ.

ಬಿಟ್ಟ ಜಾಗ ತುಂಬುವವರು ಯಾರು

ಅಮೆರಿಕ ಬಿಟ್ಟ ಜಾಗಕ್ಕೆ ಯುರೋಪ್ ಬರುತ್ತದೆಂಬ ನಿರೀಕ್ಷೆ ಈಗಾಗಲೇ ಹುಸಿಯಾಗಿದೆ. ರಕ್ಷಣಾ ವೆಚ್ಚ ಹೆಚ್ಚಿಸಲು ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು.

ಖಾಸಗಿ ದತ್ತಿಗಳು ಕೆಲವು ದೊಡ್ಡ ಕೆಲಸಗಳನ್ನು ಹೊತ್ತಿವೆ. ಎಂ72 ಎಂಬ ಕ್ಷಯ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಮಾರ್ಚ್‌ನಲ್ಲಿ ಆರಂಭವಾದದ್ದು ಗೇಟ್ಸ್ ಫೌಂಡೇಷನ್ ಮತ್ತು ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಕೊಟ್ಟ ಸುಮಾರು 55 ಕೋಟಿ ಡಾಲರ್‌ನಿಂದ. ಗೇಟ್ಸ್ ಫೌಂಡೇಷನ್ 2045ರ ಹೊತ್ತಿಗೆ ತನ್ನೆಲ್ಲ ಹಣ ಖರ್ಚುಮಾಡಿ ಮುಚ್ಚುವುದಾಗಿ ಹೇಳಿದೆ. ಆದರೆ ಕ್ಷಯ ಸಂಶೋಧನೆಗೆ ವರ್ಷಕ್ಕೆ 500 ಕೋಟಿ ಡಾಲರ್ ಬೇಕೆಂದು 2023ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳು ಒಪ್ಪಿದ್ದವು, ಆ ವರ್ಷ ನಿಜವಾಗಿ ಖರ್ಚಾದದ್ದು ಸುಮಾರು 120 ಕೋಟಿ. ಈ ಕಂದರವನ್ನು ಎರಡು ದತ್ತಿಗಳು ತುಂಬಲಾರವು, ತುಂಬಿದರೂ ಜಗತ್ತಿನ ರೋಗಗಳ ಆದ್ಯತೆಯನ್ನು ಎರಡು ಆಡಳಿತ ಮಂಡಳಿಗಳ ಕೈಗೆ ಕೊಟ್ಟಂತಾಗುತ್ತದೆ.

ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಆದ್ದರಿಂದ ನಮ್ಮ ಪಾತ್ರ ನೆರವು ಪಡೆಯುವವರದಷ್ಟೇ ಆಗಿ ಉಳಿಯುವಂತಿಲ್ಲ. ಒಳ್ಳೆಯ ಸೂಚನೆಗಳೂ ಇವೆ. 2008ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವೆಲ್‌ಕಮ್ ಸಮಪಾಲಿನಲ್ಲಿ ಶುರುಮಾಡಿದ, ಸಂಶೋಧಕರಿಗೆ ಹಣ ಒದಗಿಸುವ ಇಂಡಿಯಾ ಅಲಯನ್ಸ್‌ನ ಮೂರನೇ ಹಂತಕ್ಕೆ 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಒಟ್ಟು 1,500 ಕೋಟಿ ರೂಪಾಯಿಯಲ್ಲಿ 1,000 ಕೋಟಿ ಭಾರತದ್ದು. ಎಚ್‌ಐವಿ ತಡೆಯಲು ವರ್ಷಕ್ಕೆ ಎರಡೇ ಚುಚ್ಚುಮದ್ದು ಸಾಕಾಗುವ ಲೆನಕಪವಿರ್ ಔಷಧಿಯನ್ನು 2027ರಿಂದ ಒಬ್ಬರಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸಲು ಒಪ್ಪಿರುವುದು ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು. ತಯಾರಿಕೆಯಲ್ಲಿ ನಮಗಿರುವ ಈ ಬಲ ಮೂಲ ಸಂಶೋಧನೆಯಲ್ಲಿ ಇಲ್ಲ. ದೇಶದ ಒಟ್ಟು ಸಂಶೋಧನಾ ವೆಚ್ಚ ಜಿಡಿಪಿಯ ಶೇ 0.64ರ ಆಸುಪಾಸಿನಲ್ಲೇ ಇದೆ.

ಬೇರೆ ಯಾರಿಗೂ ಇಲ್ಲದ ರೋಗ

ಇದೆಲ್ಲದರ ಪರಿಣಾಮವನ್ನು ಕರ್ನಾಟಕ ಮಂಗನ ಕಾಯಿಲೆ ಎಂಬ ಒಂದು ರೋಗದಲ್ಲಿ ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಕಾಣುತ್ತಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ಆತಂಕದಿಂದ ವಿಜ್ಞಾನಿಗಳು ಧಾವಿಸಿದರು. ಅವರು ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ. ರಾಕ್‌ಫೆಲರ್ ಫೌಂಡೇಷನ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಸ್ಥಾಪಿಸಿದ್ದ ಕೇಂದ್ರವದು. ಹೊಸ ವೈರಸ್ ಪತ್ತೆಯಾಯಿತು, ಉಣುಗು ಅದನ್ನು ಹರಡುತ್ತದೆಂದು ತಿಳಿಯಿತು. ಮುಂದೆ ರಾಕ್‌ಫೆಲರ್ ಹೊರಟುಹೋಯಿತು, ಕೇಂದ್ರ ರಾಷ್ಟ್ರೀಯ ವೈರಾಣು ಸಂಸ್ಥೆಯಾಗಿ ಉಳಿಯಿತು.

ಆದರೆ ಮಂಗನ ಕಾಯಿಲೆಗೆ ಹೊರಗಿನ ಆಸಕ್ತಿ ಉಳಿಯಲಿಲ್ಲ. ವರ್ಷಕ್ಕೆ ಕೆಲವು ನೂರು ಜನರಿಗೆ, ಅದೂ ಪಶ್ಚಿಮ ಘಟ್ಟದ ಕಾಡಂಚಿನವರಿಗೆ ಮಾತ್ರ ಬರುವ ರೋಗಕ್ಕೆ ಲಸಿಕೆ ಮಾಡಿದರೆ ಕಂಪನಿಗೆ ಲಾಭವಿಲ್ಲ, ವಿದೇಶಿ ದಾನಿಗೆ ತನ್ನ ದೇಶಕ್ಕೆ ಹರಡೀತೆಂಬ ಭಯವೂ ಇಲ್ಲ. 1990ರ ಸುಮಾರಿನಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆಯ ಪರಿಣಾಮ ಕುಂದಿ 2022ರಲ್ಲಿ ಅದನ್ನು ಕೈಬಿಡಲಾಯಿತು. ಅಷ್ಟರಲ್ಲಿ ರೋಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ಹಬ್ಬಿತ್ತು. ಕಾಡು, ತೋಟ, ದನಕರುಗಳ ಓಡಾಟಕ್ಕೂ ರೋಗಕ್ಕೂ ಇರುವ ನಂಟನ್ನು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಮತ್ತಿತರ ಸಂಸ್ಥೆಗಳು ಅಧ್ಯಯನ ಮಾಡಿದ್ದು ಬ್ರಿಟನ್ನಿನ ಜಾಗತಿಕ ಸವಾಲುಗಳ ಸಂಶೋಧನಾ ನಿಧಿಯಿಂದ. 2021ರಲ್ಲಿ ಬ್ರಿಟನ್ ನೆರವು ಕಡಿತ ಮಾಡಿದಾಗ ಮೊದಲ ಪೆಟ್ಟು ತಿಂದ ನಿಧಿಗಳಲ್ಲಿ ಅದೂ ಒಂದು.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆಯನ್ನು ಸಿದ್ಧಪಡಿಸುತ್ತಿವೆ. ಇದಕ್ಕೆ ಬೇಕಾದದ್ದು ನಡುವೆ ತುಂಡಾಗದೆ ಹಲವು ವರ್ಷ ಹರಿಯುವ ಹಣ, ಮತ್ತು ರೋಗಿಗಳ ಸಂಖ್ಯೆ ಕಡಿಮೆ ಇರುವುದರಿಂದ ಹಲವು ಋತುಗಳ ಕಾಲ ಒಂದೇ ಹಳ್ಳಿಗಳಿಗೆ ಮರಳಿ ಮರಳಿ ಹೋಗುವ ತಂಡ. ಆ ಹಣವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳೇ ಒದಗಿಸಬೇಕು, ಈ ರೋಗಕ್ಕೆ ಬೇರೆ ದಾನಿ ಬರುವುದಿಲ್ಲ. ಅಲ್ಲಿಯವರೆಗೆ ನವೆಂಬರಿನಿಂದ ಮೇ ತನಕ, ಉದುರಿದ ಒಣ ಎಲೆಯ ದರಕು ಗುಡಿಸಿ ತರಲು ಮತ್ತು ಸೌದೆ ತರಲು ಕಾಡಿಗೆ ಹೋಗುವ ಮಲೆನಾಡಿನವರಿಗೆ ಇರುವ ರಕ್ಷಣೆಯೆಂದರೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೀಪಾ ಎಣ್ಣೆಯ ಬಾಟಲಿ, ಮತ್ತು ಮನೆಗೆ ಬಂದ ಮೇಲೆ ಬಿಸಿನೀರಿನ ಸ್ನಾನ.